ಅತಿಥಿ ಕೋಣೆಯ ಎಮ್ಮೆ

ನಿವೃತ್ತಿಯ ದಿನ ಸಂಜೆ ಹಲ್ಲಿನ ಡಾಕ್ಟರು ತಮ್ಮ ಕ್ಲಿನಿಕ್ಕಿನ ಕುರ್ಚಿಯಲ್ಲಿ ಮೊಟ್ಟಮೊದಲ ಬಾರಿಗೆ ತಾವೇ ಒರಗಿ ಮಲಗಿ ಚಾವಣಿ ನೋಡಿದರು. ಅಲ್ಲಿ ಒಂದು ಬಿರುಕು, ಬಿರುಕಿನ ಪಕ್ಕದಲ್ಲಿ ಒಂದು ಜೇಡ. "ಪಾಪ, ಇಷ್ಟು ವರ್ಷ ಜನ ಬಾಯಿ ಬಿಟ್ಕೊಂಡು ಇದನ್ನೇ ನೋಡ್ತಾ ಇದ್ರಲ್ಲ!" ಎಂದು ಅವರ ಕರುಳು ಚುರುಕ್ಕೆಂದಿತು. ಅಲ್ಲೇ ಮಲಗಿಕೊಂಡು ತಮ್ಮ ಉಳಿದ ಆಯಸ್ಸಿನ ಬಗ್ಗೆ ಯೋಚಿಸಿದರು. ಹಸಿರು ನೋಡಬೇಕು, ಮಣ್ಣು ಮುಟ್ಟಬೇಕು, ಬಾಯಿ ಎಂಬುದೇ ಇಲ್ಲದ ಏನನ್ನಾದರೂ ಬೆಳೆಸಬೇಕು ಎನಿಸಿತು. ಕುಂಬಳಕಾಯಿ ಆದೀತು.

ಅವರ ಹೆಂಡತಿಗೆ ಬೇಕಾಗಿದ್ದದ್ದು ಸಮುದ್ರ. ಆಕೆ ದೊಡ್ಡದೊಂದು ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಗಾಡಿಗಳ ಹೋಗುಬರುವಿಕೆ ಸಾರುವ ಕೆಲಸ ಮಾಡಿದ್ದವರು. ನಿಲ್ದಾಣದವರೆಲ್ಲ ಅವರನ್ನು ಮೈಕಮ್ಮ ಎನ್ನುತ್ತಿದ್ದರು. ಯಾರೋ ಓಡಿಸುವ ರೈಲು ತಡವಾದದ್ದಕ್ಕೆ ತಾವು ವಿಷಾದಿಸಿ ವಿಷಾದಿಸಿ ಮೈಕಮ್ಮನಿಗೆ ಸಾಕುಸಾಕಾಗಿತ್ತು. ಹೊತ್ತಿಗೆ ಸರಿಯಾಗಿ ಬಂದು ಹೊತ್ತಿಗೆ ಸರಿಯಾಗಿ ಹೋಗುವ ಏನನ್ನಾದರೂ ನೋಡುತ್ತ, ಬಾಯಿಗೆ ಬೀಗ ಹಾಕಿಕೊಂಡು, ಚಹಾ ಕುಡಿಯಬೇಕು ಎನ್ನುವುದು ಅವರ ಆಸೆ.

ಹೀಗಿರುವಾಗ ಪತ್ರಿಕೆಯಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು. "ನವೀಕರಿಸಿದ ಹಳ್ಳಿ ಮನೆ. ಹವ್ಯಾಸಿ ಬೇಸಾಯಕ್ಕೆ ಹೇಳಿ ಮಾಡಿಸಿದಂತಿದೆ. ಕಡಲು ಕೂಗಳತೆಯಲ್ಲಿ."

"ಯಾರ ಕೂಗಿನ ಅಳತೆ ಅಂತ ಕೇಳ್ರೀ," ಎಂದರು ಮೈಕಮ್ಮ. "ನನ್ನ ಕೂಗಿನ ಅಳತೆ ಹಿಡಿದ್ರೆ ಮುಂದಿನ ಊರಿನ ಕಡಲೂ ಕೂಗಳತೇಲೇ ಇರತ್ತೆ."

ಹೋಗಿ ನೋಡಿದರೆ ಕಡಲು ನಿಜಕ್ಕೂ ಹತ್ತಿರವಿತ್ತು. ಹಿತ್ತಿಲ ಬೇಲಿ, ಅದರಾಚೆ ಒಂದಿಷ್ಟು ಮರಳು, ಅದರಾಚೆ ನೀರು. ಮನೆ ಮಾರುತ್ತಿದ್ದವನು ಕಟ್ಟಡದ ಕಂಟ್ರಾಕ್ಟರು. ಯಾರೋ ರೈತರಿಂದ ಹಳೆಯ ಮನೆ ಕೊಂಡು, ಗೋಡೆಗಳನ್ನು ಮಾತ್ರ ಉಳಿಸಿಕೊಂಡು, ಮಿಕ್ಕಿದ್ದನ್ನೆಲ್ಲ ಹೊಸದು ಮಾಡಿದ್ದ. ಅಡುಗೆಮನೆಯ ನಲ್ಲಿಗೆ ತಿರುಪೇ ಇರಲಿಲ್ಲ. ಕೈ ತೋರಿಸಿದರೆ ನೀರು. ಕಾಲಿಟ್ಟ ಕಡೆಯೆಲ್ಲ ತಾನಾಗಿ ದೀಪ. ಡಾಕ್ಟರು ಒಳಗೆ, ಹೊರಗೆ, ಒಳಗೆ, ಹೊರಗೆ ಎಂದು ನಾಲ್ಕಾರು ಸಲ ಕಾಲಿಟ್ಟು ನೋಡಿ ಮಗುವಿನ ಹಾಗೆ ಹಿಗ್ಗಿದರು.

ಕಂಟ್ರಾಕ್ಟರು ಮೀಸೆ ತೀಡಿಕೊಂಡು ತೋರಿಸಿದ್ದು ಕೊನೆಯ ಕೋಣೆಯನ್ನು. ಮನೆಗೆ ಅಂಟಿಕೊಂಡಂತಿದ್ದ ಅತಿಥಿ ಕೋಣೆ. ಹಿತ್ತಿಲ ಕಡೆಗೆ ಇಡೀ ಗೋಡೆಯಗಲದ ಗಾಜಿನ ಬಾಗಿಲು. ಎದುರಿಗೆ ಯಾರಾದರೂ ಬಂದು ನಿಂತರೆ ಸದ್ದಿಲ್ಲದೆ ಪಕ್ಕಕ್ಕೆ ಸರಿಯುತ್ತಿತ್ತು. ಬಿಳಿ ಟೈಲ್ಸು, ಆಳೆತ್ತರದ ಕನ್ನಡಿ, ಎಸಿ, ಬಟ್ಟೆಯ ಕಪಾಟು.

"ಇದು ಮುಂಚೆ ದನದ ಕೊಟ್ಟಿಗೆ ಆಗಿತ್ತು ಅಂದ್ರೆ ನೀವು ನಂಬೋದೇ ಇಲ್ಲ," ಎಂದ ಕಂಟ್ರಾಕ್ಟರು.

ಅವರು ನಂಬಲಿಲ್ಲ.

"ಮನೆ ಜೊತೆ ಫ್ರಿಜ್ಜು, ಒಲೆ, ಹುಲ್ಲು ಕತ್ತರಿಸೋ ಮಷೀನು, ಒಂದು ಎಮ್ಮೆ ಎಲ್ಲಾ ಬರತ್ತೆ. ಎಮ್ಮೆಗೆ ಅಂತ ಹಿತ್ತಲಲ್ಲಿ ಹೊಸ ಕೊಟ್ಟಿಗೆ ಕಟ್ಸಿದೀನಿ. ಗಾಳಿ ಬೆಳಕು ಬೇಕಾದಷ್ಟು."

"ಕೆಲಸ ಮಾಡತ್ತಾ?" ಎಂದು ಕೇಳಿದರು ಡಾಕ್ಟರು. ಅವರ ತಲೆ ಇನ್ನೂ ಮಷೀನಿನ ಹತ್ತಿರವೇ ಇತ್ತು.

"ಎಮ್ಮೆನಾ? ಕೆಲಸ ಅಂದ್ರೆ… ವಯಸ್ಸಾಗಿದೆ, ಹಾಲು ನಿಲ್ಸಿದೆ. ಆದ್ರೆ ಸಾಧು."

"ಅಂದ್ರೆ ಅದೂ ರಿಟೈರ್ಡು," ಎಂದರು ಮೈಕಮ್ಮ. ಆ ಒಂದು ಮಾತಿಗೇ ಗಂಡಹೆಂಡಿರಿಬ್ಬರಿಗೂ ಎಮ್ಮೆಯ ಮೇಲೆ ನೋಡುವುದಕ್ಕೆ ಮುಂಚೆಯೇ ಮಮತೆ ಹುಟ್ಟಿತು.

ಮನೆ ಕೊಂಡ ಸುದ್ದಿ ಕೇಳಿ ಉರಿದುಬಿದ್ದವರು ಒಬ್ಬರೇ, ಮೈಕಮ್ಮನ ಅಣ್ಣ. ಪೇಟೆಯಲ್ಲಿ ಅವರದು ಹಾಸಿಗೆಯ ದೊಡ್ಡ ಅಂಗಡಿ. ನೆಂಟರ ಮಕ್ಕಳೆಲ್ಲ ಅವರನ್ನು ಹಾಸಿಗೆ ಮಾಮ ಎನ್ನುತ್ತಿದ್ದರು. ಜಗತ್ತಿನ ಸಕಲ ತೊಂದರೆಗಳಿಗೂ ಸರಿಯಾದ ಹಾಸಿಗೆ ಇಲ್ಲದಿರುವುದೇ ಕಾರಣ ಎಂಬುದು ಅವರ ಸಿದ್ಧಾಂತ.

"ಹಲ್ಲು ಕೀಳೋನು ಹುಲ್ಲು ಕೀಳೋಕೆ ಹೊರಟ!" ಎಂದು ಫೋನಿನಲ್ಲಿ ತಂಗಿಯನ್ನು ಆಡಿಕೊಂಡರು. ಮಾತು ತಮಗೇ ಹಿಡಿಸಿ, ಅಂಗಡಿಗೆ ಬಂದವರಿಗೆಲ್ಲ ಹೇಳಿದರು. ಆದರೂ ತಂಗಿಯ ಮನೆ ಎಂದ ಮೇಲೆ ಬಿಟ್ಟುಕೊಡಲಾದೀತೆ? "ನೀವೊಂದ್ಸಲ ಸೆಟ್ಲ್ ಆಗಿ. ಅತಿಥಿ ಕೋಣೆಗೆ ಹಾಸಿಗೆ ನಂದು. ನಾನೇ ತರ್ತೀನಿ, ನಾನೇ ಮೊದಲು ಮಲಗ್ತೀನಿ," ಎಂದರು.

ಎಮ್ಮೆ ಬಂದದ್ದು ಇವರು ಮನೆಗೆ ಬಂದ ವಾರದಲ್ಲೇ. ಮನೆ ಕೆಲಸ ನಡೆಯುವಷ್ಟು ಕಾಲ ಅದನ್ನು ಸಾಕಿಕೊಂಡಿದ್ದವಳು ಪಕ್ಕದ ಮನೆಯಾಕೆ. ದೋಣಿಯ ಇಂಜಿನ್ನು ರಿಪೇರಿ ಮಾಡುವುದು ಅವಳ ಕಸುಬು. ಊರಿನವರ ಬಾಯಲ್ಲಿ ಇಂಜಿನ್ ಅಕ್ಕ. ಮೊಣಕೈವರೆಗೆ ಗ್ರೀಸು, ಕಿವಿಯ ಹಿಂದೆ ಸ್ಕ್ರೂಡ್ರೈವರು. ಇಂಜಿನ್ನಿನ ವಿಷಯದಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಮಿಕ್ಕ ವಿಷಯಗಳಲ್ಲಿ ಅವಳಿಗೆ ಏನೇನೂ ಗೊತ್ತಿರಲಿಲ್ಲ, ಆದರೆ ಅದು ಅವಳಿಗೆ ಗೊತ್ತಿರಲಿಲ್ಲ.

"ತಗೊಳ್ಳಿ ಡಾಕ್ಟ್ರೇ, ನಿಮ್ಮ ಲಾಂಚು," ಎಂದು ಹಗ್ಗ ಕೈಗಿಟ್ಟಳು. ಲಾಂಚು ಎನ್ನುವುದು ಅವಳು ಎಮ್ಮೆಗೆ ಇಟ್ಟ ಹೆಸರು. ನೋಡಿದರೆ ಹೆಸರು ಯಾಕೆಂದು ಯಾರೂ ಕೇಳಬೇಕಾಗಿರಲಿಲ್ಲ. ಅಗಲ, ಕಪ್ಪು, ನಿಧಾನ.

ಡಾಕ್ಟರು ಹಗ್ಗ ಹಿಡಿದು ಹೊಸ ಕೊಟ್ಟಿಗೆಯ ಕಡೆಗೆ ಹೊರಟರು. ತುಸು ದೂರ ಅವರು ಎಮ್ಮೆಯನ್ನು ಕರೆದುಕೊಂಡು ಹೋದರು. ಆಮೇಲೆ ಎಮ್ಮೆ ಅವರನ್ನು ಕರೆದುಕೊಂಡು ಹೋಯಿತು. ಹೊಸ ಕೊಟ್ಟಿಗೆಯ ಕಡೆ ಕಣ್ಣೆತ್ತಿಯೂ ನೋಡದೆ, ನೇರವಾಗಿ ಬಂದು ಗಾಜಿನ ಬಾಗಿಲ ಮುಂದೆ ನಿಂತಿತು. ಬಾಗಿಲು ಮರ್ಯಾದೆಯಿಂದ ಸರಿಯಿತು. ಎಮ್ಮೆ ಒಳಗೆ ಹೋಯಿತು. ದೀಪ ಹತ್ತಿತು. ಕಪಾಟಿಗೂ ಕನ್ನಡಿಗೂ ನಡುವೆ, ಹಿಂದೆ ಯಾವತ್ತೋ ಅದರ ಗೂಟ ಇದ್ದಿರಬಹುದಾದ ಜಾಗದಲ್ಲಿ, ಒಂದು ಸುತ್ತು ತಿರುಗಿ, ಮೊದಲು ಮುಂಗಾಲು, ಆಮೇಲೆ ಹಿಂಗಾಲು ಮಡಚಿ ಮಲಗಿತು. ಕನ್ನಡಿಯೊಳಗೆ ಇನ್ನೊಂದು ಎಮ್ಮೆ ಮಲಗಿದ್ದನ್ನು ಕಂಡು, ಜೊತೆ ಸಿಕ್ಕಿತೆಂದು ಸಮಾಧಾನವಾಗಿ ಕಣ್ಣು ಮುಚ್ಚಿತು.

"ಕಂಟ್ರಾಕ್ಟರು ಹೇಳಿದ್ದು ನಿಜ ಕಣ್ರೀ," ಎಂದರು ಮೈಕಮ್ಮ. "ಇದು ಕೊಟ್ಟಿಗೆನೇ ಆಗಿತ್ತು."

ಡಾಕ್ಟರು ತಳ್ಳಿದರು, ಎಳೆದರು, ಪುಸಲಾಯಿಸಿದರು. ಲಾಂಚು ಜಪ್ಪಯ್ಯ ಎಂದರೂ ಕದಲಲಿಲ್ಲ. ಇಂಜಿನ್ ಅಕ್ಕನನ್ನು ಕರೆಸಿದ್ದಾಯಿತು. ಅವಳು ಸೊಂಟದ ಮೇಲೆ ಕೈಯಿಟ್ಟು ಸುತ್ತ ಒಂದು ಪ್ರದಕ್ಷಿಣೆ ಬಂದು, "ರಿವರ್ಸಲ್ಲಿ ತೆಗೀಬೇಕು," ಎಂದಳು. ರಿವರ್ಸಲ್ಲಿ ತೆಗೆಯಲು ಹೋಗಿ ಡಾಕ್ಟರು ಕೋಣೆಯ ಬಚ್ಚಲಿಗೆ ಬಿದ್ದರು. ಅಲ್ಲೂ ಸೆನ್ಸರು, ಷವರು ಶುರುವಾಯಿತು.

ಒದ್ದೆಯಾಗಿ ಎದ್ದುಬಂದ ಡಾಕ್ಟರಿಗೆ ಎಮ್ಮೆ ಆಕಳಿಸಿದ್ದು ಕಾಣಿಸಿತು. ಬಾಯಿ ತೆರೆದದ್ದು ಕಂಡರೆ ಬಗ್ಗಿ ನೋಡುವುದು ಅವರ ರಕ್ತದಲ್ಲೇ ಇತ್ತು. ನೋಡಿದವರು ಎದೆ ಹಿಡಿದುಕೊಂಡರು.

"ಅಯ್ಯಯ್ಯೋ! ಮೇಲಿನ ಮುಂದಿನ ಸಾಲು ಪೂರ್ತಿ ಹೋಗಿದೆ ಕಣೇ! ಒಂದೇ ಒಂದು ಹಲ್ಲಿಲ್ಲ!"

ಮೈಕಮ್ಮನೂ ಬಗ್ಗಿ ನೋಡಿದರು. ನಿಜ, ಮೇಲೆ ಬರೀ ವಸಡು. ಇಬ್ಬರೂ ಇಂಜಿನ್ ಅಕ್ಕನ ಕಡೆ ತಿರುಗಿದರು.

"ನನ್ ಕಡೆ ಯಾಕೆ ನೋಡ್ತೀರಾ? ನಾನು ಮುಟ್ಟಿಲ್ಲಪ್ಪ," ಎಂದಳು ಅವಳು. ಆಮೇಲೆ ಸ್ವಲ್ಪ ಯೋಚಿಸಿ, "ಉಪ್ಪುಗಾಳಿ ಅಲ್ವಾ. ತುಕ್ಕು ಹಿಡಿದು ಬಿದ್ದಿರಬೇಕು," ಎಂದಳು.

ಡಾಕ್ಟರಿಗೆ ಮರುಕ ಉಕ್ಕಿಬಂತು. ಇಂಥ ಬಾಯಿಯಿಟ್ಟುಕೊಂಡು ಈ ಮೂಕಪ್ರಾಣಿ ಇಷ್ಟು ದಿನ ಹೇಗೆ ಮೇಯಿತೋ! ಕಟ್ಟಿಟ್ಟಿದ್ದ ಪೆಟ್ಟಿಗೆಯಿಂದ ಹಳೆಯ ಸಲಕರಣೆ ತೆಗೆದು, ಅಂಗಳದಲ್ಲಿ ಕೂತು, ಎಮ್ಮೆಯ ಅಳತೆಯ ಒಂದು ಹಲ್ಲಿನ ಸೆಟ್ಟಿಗೆ ನಕ್ಷೆ ಬರೆದರು. ಅಚ್ಚು ತೆಗೆಯಲು ಬಕೆಟ್ಟಿನಲ್ಲಿ ಪೇಸ್ಟು ಕಲಸಿದರು. ಲಾಂಚು ಆ ಪೇಸ್ಟನ್ನು ರುಚಿ ನೋಡಿ, ಚೆನ್ನಾಗಿದೆಯೆಂದು ಪೂರ್ತಿ ತಿಂದುಹಾಕಿತು. ಆಗ ಹೆದರಿ ದನದ ಡಾಕ್ಟರಿಗೆ ಫೋನು ಮಾಡಿದರು.

"ಪೇಸ್ಟು ಹೋಗ್ಲಿ ಬಿಡಿ, ಹೊರಗೆ ಬರತ್ತೆ," ಎಂದರು ದನದ ಡಾಕ್ಟರು. "ಆದ್ರೆ ಹಲ್ಲಿನ ಸೆಟ್ ಯಾಕೆ ಸಾರ್? ಎಮ್ಮೆಗಳಿಗೆ ಮೇಲ್ಗಡೆ ಮುಂದಿನ ಹಲ್ಲು ಹುಟ್ಟೋದೇ ಇಲ್ವಲ್ಲ."

"ಗೊತ್ತು, ಗೊತ್ತು," ಎಂದು ಡಾಕ್ಟರು ಫೋನಿಟ್ಟರು. ಆ ದಿನವೆಲ್ಲ ಅವರು ಹೆಂಡತಿಗೆ ಮುಖ ತೋರಿಸದೆ ಕುಂಬಳದ ಪಾತಿ ಮಾಡುತ್ತಿದ್ದರು.

ಎಮ್ಮೆಯನ್ನು ಕೋಣೆಯಿಂದ ಹೊರಡಿಸುವ ಉಪಾಯ ಸಿಕ್ಕಿದ್ದು ಅಕಸ್ಮಾತ್ತಾಗಿ. ಒಂದು ಬೆಳಿಗ್ಗೆ ಮೈಕಮ್ಮನಿಗೆ ರೇಗಿಹೋಯಿತು. ರೇಗಿದಾಗ ಅವರ ಬಾಯಿಂದ ಹೊರಡುತ್ತಿದ್ದದ್ದು ಬೈಗುಳವಲ್ಲ, ಹಳೆಯ ಅಭ್ಯಾಸ. ಬಾಗಿಲಲ್ಲಿ ನಿಂತು ಕತ್ತು ಸರಿಮಾಡಿಕೊಂಡು, ಏರಿಳಿತವಿಲ್ಲದ ಆ ಜೇನಿನಂಥ ದನಿಯಲ್ಲಿ ಸಾರಿದರು:

"ದಯವಿಟ್ಟು ಗಮನಿಸಿ. ಅತಿಥಿ ಕೋಣೆಯಲ್ಲಿ ನಿಂತಿರುವ ಎಮ್ಮೆಯು ಇನ್ನು ಕೆಲವೇ ಕ್ಷಣಗಳಲ್ಲಿ ಹಿತ್ತಿಲಿಗೆ ಹೊರಡಲಿದೆ."

ಲಾಂಚುವಿನ ಕಿವಿ ನಿಮಿರಿತು. ಸ್ವಲ್ಪ ಹೊತ್ತಿನ ಮೇಲೆ ಎದ್ದಿತು. ಇನ್ನೂ ಸ್ವಲ್ಪ ಹೊತ್ತಿನ ಮೇಲೆ, ಮೈಕಮ್ಮನಿಗೆ ಚಿರಪರಿಚಿತವಾದ ಆ ತಡದೊಂದಿಗೆ, ಹೊರಗೆ ಬಂದು ಹಿತ್ತಿಲಿಗೆ ಹೋಯಿತು.

"ವಿಳಂಬಕ್ಕಾಗಿ ವಿಷಾದಿಸುತ್ತೇವೆ," ಎಂದು ಮೈಕಮ್ಮನ ಬಾಯಿ ತಾನಾಗಿಯೇ ಹೇಳಿತು. ಹೇಳಿದ ಮೇಲೆ ಅವರು ಗಂಡನ ಮುಖ ನೋಡಿದರು, ಗಂಡ ಅವರ ಮುಖ ನೋಡಿದರು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹೀಗೆ ಬೆಳಗಿನ ಪಾಡು ಸುಸೂತ್ರವಾಯಿತು. ಆದರೆ ಸಂಜೆ ಬಾನು ಕೆಂಪಾಗುತ್ತಲೇ ಲಾಂಚು ತಾನಾಗಿ ತಿರುಗಿ ಬರುತ್ತಿತ್ತು. ಅದನ್ನು ತಡೆಯುವ ಅನೌನ್ಸ್‌ಮೆಂಟು ಮೈಕಮ್ಮನ ಬತ್ತಳಿಕೆಯಲ್ಲಿ ಇರಲಿಲ್ಲ. ದಿನ ಕಳೆದಂತೆ ಗಂಡಹೆಂಡಿರಿಗೆ ಅದು ರೂಢಿಯಾಯಿತು. ಟೈಲ್ಸು ತೊಳೆಯುವುದು ಸುಲಭ, ಕೋಣೆಗೆ ಸದ್ಯಕ್ಕೆ ಬೇರೆ ಯಾರೂ ಬರುವವರಿಲ್ಲ, ಇರಲಿ ಬಿಡು ಎಂದುಕೊಂಡರು. ಸೆಖೆ ಹೆಚ್ಚಾದ ಒಂದು ದಿನ ಡಾಕ್ಟರು ಯಾರಿಗೂ ಹೇಳದೆ ಎಸಿ ಕೂಡ ಹಾಕಿಕೊಟ್ಟರು.

ಆಗ ಅಣ್ಣನ ಫೋನು ಬಂತು. "ಈ ಶನಿವಾರ ಬರ್ತಿದೀನಿ. ಹಾಸಿಗೆ ವ್ಯಾನಿಗೆ ಏರ್ಸಿದ್ದಾಯ್ತು. ಕೋಣೆ ರೆಡಿ ಇದ್ಯಲ್ಲ?"

"ಓ, ರೆಡಿ ಇದೆ ಅಣ್ಣಾ," ಎಂದರು ಮೈಕಮ್ಮ. ಫೋನಿಟ್ಟು ಗಂಡನ ಕಡೆ ತಿರುಗಿದರು. "ರೀ, ಅಣ್ಣಂಗೆ ಗೊತ್ತಾದ್ರೆ ಮುಗೀತು. ಅಂಗಡಿಗೆ ಬರೋರಿಗೆಲ್ಲ ಹೇಳ್ಕೊಂಡು ನಗ್ತಾನೆ. ಒಂದು ರಾತ್ರಿ, ಒಂದೇ ಒಂದು ರಾತ್ರಿ ಈ ಲಾಂಚು ಬೇರೆ ಕಡೆ ಇರ್ಲಿ."

ಇಂಜಿನ್ ಅಕ್ಕನ ಬಳಿ ಅದಕ್ಕೂ ಉಪಾಯವಿತ್ತು. "ಹಗ್ಗ ಎಲ್ಲಾ ನಂಬಬೇಡಿ. ಲಂಗರು ಹಾಕೋಣ," ಎಂದಳು. ದೋಣಿಯ ಹಳೆಯ ಕಬ್ಬಿಣದ ಲಂಗರೊಂದನ್ನು ಹೊತ್ತು ತಂದು, ಬೇಲಿಯ ಆಚೆ ಮರಳಿನಲ್ಲಿ ಹೂತು, ಲಾಂಚುವಿನ ಕೊರಳ ಹಗ್ಗಕ್ಕೆ ಬಿಗಿದಳು. "ಬಿರುಗಾಳೀಲೂ ದೋಣಿ ಅಲ್ಲಾಡಲ್ಲ ಇದಕ್ಕೆ. ಎಮ್ಮೆ ಯಾವ ಲೆಕ್ಕ?"

ಶನಿವಾರ ಮಧ್ಯಾಹ್ನ ವ್ಯಾನು ಬಂತು. ಹಾಸಿಗೆ ಮಾಮ ಇಳಿದರು. ಗುಂಡುಗುಂಡಾಗಿ, ಒತ್ತಿದರೆ ಮತ್ತೆ ಎದ್ದು ಬರುವಂಥ ಮೈ. ಆದರೆ ಕಣ್ಣಿನ ಕೆಳಗೆ ಕಪ್ಪಗೆ ಚೀಲ ಜೋತುಬಿದ್ದಿತ್ತು. ಕೋಣೆಯನ್ನು ನೋಡಿ, "ಪರವಾಗಿಲ್ಲ," ಎಂದರು. ಮೂಗರಳಿಸಿ, "ಇದೇನು ವಾಸನೆ?" ಎಂದು ಕೇಳಿದರು.

"ಹೊಸ ಪೇಂಟು ಭಾವ," ಎಂದರು ಡಾಕ್ಟರು.

"ಹುಲ್ಲಿನ ವಾಸನೆ ಇದ್ದಂಗಿದೆ."

"ಹಸಿರು ಪೇಂಟು," ಎಂದರು ಡಾಕ್ಟರು. ನಾಲ್ಕು ಗೋಡೆಗಳೂ ಬಿಳಿ ಇದ್ದವು.

ಹಾಸಿಗೆಯನ್ನು ಇಬ್ಬರು ಆಳುಗಳು ಹೊತ್ತು ತಂದು ನೆಲದ ಮೇಲೆಯೇ ಹಾಸಿದರು. ಮಂಚ ಎನ್ನುವುದು ಹಾಸಿಗೆಗೆ ಅವಮಾನ ಎನ್ನುವುದು ಮಾಮನ ಇನ್ನೊಂದು ಸಿದ್ಧಾಂತ. ಒಂದು ಮೊಳ ದಪ್ಪ, ಅಂಗಳದಷ್ಟು ಅಗಲ, ಹಾಲಿನಂಥ ಬಿಳುಪು. ಅದಕ್ಕೊಂದು ಭಾಷಣ. "ಇದು ನಮ್ಮ ಅಂಗಡೀಲೇ ಟಾಪು. ಒಳಗೆ ಐದು ಪದರ. ನೀರು ಹೀರಲ್ಲ, ಕುಗ್ಗಲ್ಲ, ಜಗ್ಗಲ್ಲ. ಡಾಕ್ಟ್ರೇ, ಮಲಗಿ. ಮೊದಲು ಎಡ ಮಗ್ಗುಲು. ಹಾಂ. ಈಗ ಬಲ. ಬೆನ್ನು ಏನಂತು?"

"ಥ್ಯಾಂಕ್ಸ್ ಅಂತು," ಎಂದರು ಡಾಕ್ಟರು ಭಯಭಕ್ತಿಯಿಂದ.

ಸಂಜೆ ಮೂವರೂ ಜಗಲಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಸೂರ್ಯ ನೀರಿಗೆ ಇಳಿಯುವ ಸನ್ನಾಹದಲ್ಲಿದ್ದ. ಗಂಡಹೆಂಡಿರಿಬ್ಬರೂ ಹಿತ್ತಿಲ ಕಡೆಗೇ ಕಿವಿಗೊಟ್ಟು, ಲೋಟ ತುಟಿಗೆ ತಗಲಿದ್ದರೂ ಗುಟುಕರಿಸುವುದನ್ನು ಮರೆತಿದ್ದರು. ಅಲ್ಲಿಂದ ಬೇಲಿ ಮುರಿದಂಥ ಸದ್ದಾಯಿತು. ಆಮೇಲೆ ಕಬ್ಬಿಣವನ್ನು ಕಲ್ಲಿನ ಮೇಲೆ ಎಳೆದ ಸದ್ದು. ಕರ್‌ರ್‌ರ್… ನಿಂತಿತು. ಕರ್‌ರ್‌ರ್…

"ಅದೇನು?" ಎಂದರು ಹಾಸಿಗೆ ಮಾಮ.

"ಪಕ್ಕದ್ಮನೆ ಅಕ್ಕ ಇಂಜಿನ್ ರಿಪೇರಿ ಮಾಡ್ತಾಳೆ ಅಣ್ಣಾ," ಎಂದರು ಮೈಕಮ್ಮ.

ಗಾಜಿನ ಬಾಗಿಲು ಸರಿದಿರಬೇಕೆಂದು ಅವರಿಬ್ಬರಿಗೆ ಮಾತ್ರ ಗೊತ್ತಾಯಿತು. ಟೈಲ್ಸಿನ ಮೇಲೆ ಟಕ್, ಟಕ್, ಟಕ್. ಆಮೇಲೆ, ಬಹು ದೊಡ್ಡ ದೇಹವೊಂದು ಬಹು ಮೆತ್ತಗಿನ ಜಾಗಕ್ಕೆ ಇಳಿದಾಗ ಹೊರಡುವಂಥ ಒಂದು ನಿಟ್ಟುಸಿರು. ಎಷ್ಟು ದೀರ್ಘವಾದ, ಎಷ್ಟು ತೃಪ್ತಿಯ ನಿಟ್ಟುಸಿರೆಂದರೆ ಹಾಸಿಗೆ ಮಾಮ ಲೋಟ ಕೆಳಗಿಟ್ಟರು.

"ಯಾರೋ ಉಸಿರು ಬಿಟ್ಟಂಗಾಯ್ತಲ್ಲ?"

"ಸಮುದ್ರ," ಎಂದರು ಡಾಕ್ಟರು.

"ಮನೆ ಒಳಗಿಂದ ಬಂತು."

"ಹತ್ತಿರ ಇದೆ ಅಂತ ಹೇಳಿರ್ಲಿಲ್ವಾ ಭಾವ?"

ಹಾಸಿಗೆ ಮಾಮ ಎದ್ದರು. ಹಾಸಿಗೆ ವ್ಯಾಪಾರ ಮಾಡಿ ಹಣ್ಣಾದ ಕಿವಿ ಅದು. ಆ ಉಸಿರು ಯಾವುದೆಂದು ಅದಕ್ಕೆ ಗೊತ್ತಿತ್ತು. ಒಳ್ಳೆಯ ಹಾಸಿಗೆಯ ಮೇಲೆ ಮೊದಲ ಸಲ ಮೈ ಚೆಲ್ಲಿದ ಗಿರಾಕಿಯ ಉಸಿರು. ಅವರು ಧಾವಿಸಿ ಕೋಣೆಯ ಬಾಗಿಲು ತೆರೆದರು. ಹಿಂದೆಯೇ ತಂಗಿ, ಆಕೆಯ ಹಿಂದೆ ಡಾಕ್ಟರು.

ಬಿಳಿಯ ಹಾಸಿಗೆಯ ನಟ್ಟನಡುವೆ ಲಾಂಚು ಮಲಗಿತ್ತು. ಕೊರಳಿಂದ ಹಗ್ಗ, ಹಗ್ಗದ ತುದಿಯಲ್ಲಿ ಲಂಗರು, ಲಂಗರಿಗೆ ಸಿಕ್ಕಿಕೊಂಡು ಬೇಲಿಯ ಒಂದು ತುಂಡು. ಗಲ್ಲವನ್ನು ದಿಂಬಿನ ಮೇಲೆ ಇಟ್ಟು, ಅರೆಗಣ್ಣು ಮುಚ್ಚಿ, ಮೆಲುಕು ಹಾಕುತ್ತಿತ್ತು.

ಹಾಸಿಗೆ ಮಾಮ ಗರಬಡಿದವರಂತೆ ನಿಂತುಬಿಟ್ಟರು.

"ಅಣ್ಣಾ, ಹೇಳ್ತೀನಿ ಕೇಳು," ಎಂದು ಮೈಕಮ್ಮ ಶುರುಮಾಡಿದರು. "ಇದು ಅವಳದೇ ರೂಮು. ಅಂದ್ರೆ, ನಾವು ಬರೋಕೆ ಮುಂಚೆ…"

"ಶ್!" ಎಂದರು ಅಣ್ಣ.

ಮೆಲ್ಲಗೆ ಮಂಡಿಯೂರಿದರು. ಆಮೇಲೆ ಹೊಟ್ಟೆಯ ಮೇಲೆ ಮಲಗಿ, ಕೆನ್ನೆಯನ್ನು ಟೈಲ್ಸಿಗೆ ಒತ್ತಿ, ಹಾಸಿಗೆಯ ಅಂಚನ್ನು ದಿಟ್ಟಿಸಿದರು. ತೆವಳುತ್ತ ಇನ್ನೊಂದು ಬದಿಗೆ ಹೋಗಿ ಅಲ್ಲೂ ದಿಟ್ಟಿಸಿದರು. ಎದ್ದಾಗ ಅವರ ಮುಖ ಹುಣ್ಣಿಮೆಯಾಗಿತ್ತು.

"ಕುಗ್ಗಿಲ್ಲ," ಎಂದರು ಪಿಸುದನಿಯಲ್ಲಿ. "ನೋಡೇ, ಒಂದು ಬೆರಳಿನಷ್ಟೂ ಕುಗ್ಗಿಲ್ಲ! ಡಾಕ್ಟ್ರೇ, ಇಷ್ಟು ವರ್ಷದಿಂದ ಕುಗ್ಗಲ್ಲ ಕುಗ್ಗಲ್ಲ ಅಂತ ಬಾಯಿ ಮಾತಲ್ಲಿ ಹೇಳ್ಕೊಂಡು ಬಂದೆ. ಇವತ್ತು ಕಣ್ಣಾರೆ ಕಂಡೆ. ಫೋನ್ ಕೊಡಿ, ಫೋನ್! ಅಲ್ಲಾಡಬೇಡಮ್ಮಾ ತಾಯಿ, ಹಾಗೇ ಇರು."

ಲಾಂಚುವಿಗೆ ಅಲ್ಲಾಡುವ ಯೋಚನೆಯೇ ಇರಲಿಲ್ಲ. ಮುಂದಿನಿಂದ, ಹಿಂದಿನಿಂದ, ಕಪಾಟಿನ ಮೇಲೆ ಹತ್ತಿ ಮೇಲಿನಿಂದ, ಮಾಮ ಫೋಟೋ ತೆಗೆದೇ ತೆಗೆದರು. ಸದ್ದು ಕೇಳಿ ಬಂದ ಇಂಜಿನ್ ಅಕ್ಕನನ್ನು ಹಾಸಿಗೆಯ ಪಕ್ಕ ನಿಲ್ಲಿಸಿ, "ನಗಿ, ನಗಿ, ಆದ್ರೆ ಎಮ್ಮೆಗಿಂತ ಜಾಸ್ತಿ ಬೇಡ," ಎಂದರು. ಅಕ್ಕ ತನ್ನ ಲಂಗರು ಮನೆಯೊಳಗೆ ಬಂದದ್ದನ್ನು ನೋಡಿ, "ಹಗ್ಗ ಗಟ್ಟಿ ಇತ್ತು ನೋಡಿ, ಬಿಚ್ಕೊಂಡಿಲ್ಲ," ಎಂದು ಹೆಮ್ಮೆಪಡುತ್ತ ಅದನ್ನು ಬಿಚ್ಚಿಕೊಂಡಳು.

ಆವೇಶವೆಲ್ಲ ಇಳಿದು ಊಟವೂ ಆದ ಮೇಲೆ ಮಾಮನಿಗೆ ಒಂದು ಪ್ರಶ್ನೆ ಹೊಳೆಯಿತು.

"ಅಲ್ವೇ, ನಾನೆಲ್ಲಿ ಮಲಗ್ಲಿ?"

ಮೈಕಮ್ಮ ಬಾಗಿಲಲ್ಲಿ ನಿಂತು, ಎಮ್ಮೆಯ ಹೊರಡುವಿಕೆಯನ್ನು ಮೂರು ಸಲ ಸಾರಿದರು. ಲಾಂಚು ಮೊದಲ ಸಲಕ್ಕೆ ಒಂದು ಕಿವಿ ಎತ್ತಿತು. ಮಿಕ್ಕ ಎರಡಕ್ಕೆ ಅದೂ ಇಲ್ಲ. ಡಾಕ್ಟರು ತಮ್ಮ ಮಂಚ ಬಿಟ್ಟುಕೊಡುತ್ತೇನೆಂದರು. ಜಗಲಿಯ ಸೋಫಾ ಇದೆಯೆಂದರು. ಹಾಸಿಗೆ ಮಾಮನಿಗೆ ಈಗ ಕೋಪ ಬಂತು. ಫೋಟೋ ಬೇರೆ, ನಿದ್ದೆ ಬೇರೆ.

"ಏನೂ ಬೇಡ! ಒಡಹುಟ್ಟಿದ ಅಣ್ಣ ಬಂದ್ರೆ ಒಂದು ಕೋಣೆ ಇಲ್ಲ, ಎಮ್ಮೆಗೆ ಎಸಿ! ಆ ಹೊಸ ಕೊಟ್ಟಿಗೆ ಖಾಲಿ ಇದ್ಯಲ್ಲ? ಅವಳು ನನ್ನ ಜಾಗದಲ್ಲಿ ಮಲಗಿದ್ರೆ ನಾನು ಅವಳ ಜಾಗದಲ್ಲಿ ಮಲಗ್ತೀನಿ. ನಾಳೆ ನಿಮಗೇ ನಾಚಿಕೆ ಆಗ್ಲಿ."

ಎಷ್ಟು ಬೇಡಿಕೊಂಡರೂ ಕೇಳದೆ, ಒಂದು ಹೊದಿಕೆ ಹೆಗಲಿಗೆ ಹಾಕಿಕೊಂಡು, ಮುಖ ಊದಿಸಿಕೊಂಡು ಹೋಗಿಯೇಬಿಟ್ಟರು. ಕೊಟ್ಟಿಗೆಯಲ್ಲಿ ಎಮ್ಮೆಗೆಂದು ಡಾಕ್ಟರು ಪ್ರೀತಿಯಿಂದ ಹರಡಿದ್ದ, ಎಮ್ಮೆ ಮೂಸಿಯೂ ನೋಡದ ಒಣಹುಲ್ಲು ಮೊಣಕಾಲೆತ್ತರ ಇತ್ತು.

ಬೆಳಿಗ್ಗೆ ಗಂಡಹೆಂಡಿರು ಚಹಾ, ಬಿಸ್ಕತ್ತು ಮತ್ತು ಕ್ಷಮೆಯ ಮಾತುಗಳನ್ನು ಸಿದ್ಧಪಡಿಸಿಕೊಂಡು ಕೊಟ್ಟಿಗೆಗೆ ಹೋದರು. ಹುಲ್ಲಿನ ಗುಡ್ಡದಿಂದ ಗೊರಕೆ ಬರುತ್ತಿತ್ತು. ಹುಲ್ಲಿನ ನಡುವೆ ಮಾಮನ ಮೂಗು ಮತ್ತು ಎರಡು ಹೆಬ್ಬೆರಳು ಮಾತ್ರ ಕಾಣುತ್ತಿದ್ದವು. ಕಡಲ ಗಾಳಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಟುಹೋಗುತ್ತಿತ್ತು. ಎಬ್ಬಿಸಲು ಮನಸ್ಸು ಬಾರದೆ ಇಬ್ಬರೂ ಹಿಂತಿರುಗಿದರು. ಚಹಾ ಆರಿತು. ಮತ್ತೆ ಮಾಡಿದ ಚಹಾ ಕೂಡ ಆರಿತು. ಲಾಂಚು ಎದ್ದು, ಮೇದು, ಸಮುದ್ರದಲ್ಲಿ ಮುಳುಗೆದ್ದು ಬಂತು. ಹಾಸಿಗೆ ಮಾಮ ಏಳಲಿಲ್ಲ. ಹಾಸಿಗೆಗೆ ನೀರು ಹೀರದ ಗುಣವೂ ಇದೆ ಎನ್ನುವುದು ಆ ಬೆಳಿಗ್ಗೆಯೇ ಸಾಬೀತಾಯಿತು. ಮೈಕಮ್ಮ ಎರಡು ಬಕೆಟ್ಟು ನೀರು ಹಾಕಿ ತೊಳೆದರು, ಹೊಸದರ ಹಾಗಾಯಿತು.

ಬಿಸಿಲು ನೆತ್ತಿಗೆ ಬಂದಾಗ ಮಾಮ ಎದ್ದು ಬಂದರು. ತಲೆಯ ತುಂಬ ಹುಲ್ಲು. ಆದರೆ ಕಣ್ಣಿನ ಕೆಳಗಿನ ಚೀಲಗಳು ಮಾಯವಾಗಿ, ಮುಖ ಹತ್ತು ವರ್ಷ ಹಿಂದಕ್ಕೆ ಹೋದಂತಿತ್ತು. ಜಗಲಿಯ ಮೆಟ್ಟಿಲ ಮೇಲೆ ಕೂತರು.

"ಅಣ್ಣಾ, ಕೋಪನಾ?" ಎಂದರು ಮೈಕಮ್ಮ.

"ಇಲ್ಲ ಕಣೇ." ಮಾಮ ಆಚೆ ಈಚೆ ನೋಡಿ ದನಿ ತಗ್ಗಿಸಿದರು. "ನಿನ್ನ ಹತ್ರ ಒಂದು ವಿಷಯ ಹೇಳ್ತೀನಿ. ಯಾರಿಗೂ ಹೇಳ್ಬಾರ್ದು. ನನಗೆ ನಿದ್ದೆ ಬರ್ತಾ ಇರ್ಲಿಲ್ಲ. ಎಷ್ಟೋ ವರ್ಷ ಆಯ್ತು. ಅಂಗಡೀಲಿರೋ ಅಷ್ಟೂ ಹಾಸಿಗೆ ಮನೆಗೆ ತಂದು ನೋಡಿದೆ. ಮಲಗ್ತಿದ್ದ ಹಾಗೇ ತಲೆ ಕೆಲಸ ಶುರು ಮಾಡತ್ತೆ. ಈ ಮೂಲೆ ಹೊಲಿಗೆ ಸರಿ ಇದ್ಯಾ, ಆ ಸ್ಪ್ರಿಂಗ್ ಸದ್ದು ಮಾಡ್ತಾ. ಹಾಸಿಗೆ ಮೇಲೆ ಮಲಗಿದ್ರೆ ಅಂಗಡೀಲಿ ನಿಂತ ಹಾಗೇ ಆಗತ್ತೆ. ನಿನ್ನೆ ಆ ಹುಲ್ಲಲ್ಲಿ ಬಿದ್ದೆ ನೋಡು, ಬೈಕೊಳ್ಳೋಣ ಅಂತ ಬಾಯಿ ತೆಗೆದೆ. ಬೈಗುಳ ಮುಗ್ಸಿದ್ದೇ ನೆನಪಿಲ್ಲ."

ಮೈಕಮ್ಮ ಒತ್ತರಿಸಿ ಬಂದ ನಗುವನ್ನು ಅಣ್ಣನ ಮುಖ ನೋಡಿ ತಡೆದುಕೊಂಡರು. ಅವರ ತಲೆಯಿಂದ ಒಂದೊಂದೇ ಹುಲ್ಲು ತೆಗೆಯುತ್ತ, "ನಂಗ್ಯಾಕೆ ಹೇಳ್ಲಿಲ್ಲ ನೀನು ಇಷ್ಟು ದಿನ?" ಎಂದರು.

"ಹಾಸಿಗೆ ಅಂಗಡಿಯೋನಿಗೆ ನಿದ್ದೆ ಬರಲ್ಲ ಅಂದ್ರೆ ಯಾರಾದ್ರೂ ಅಂಗಡಿಗೆ ಬರ್ತಾರೇನೇ?"

"ಹಲ್ಲಿನ ಡಾಕ್ಟ್ರು ಎಮ್ಮೆಗೆ ಹಲ್ಲಿನ ಸೆಟ್ ಕಟ್ಟೋಕೆ ಹೋದ್ರು. ಅದಕ್ಕಿಂತ ದೊಡ್ಡದಾ ಇದು?" ಎಂದರು ಮೈಕಮ್ಮ. ಡಾಕ್ಟರು ಬೆಚ್ಚಿಬಿದ್ದು, "ಏ, ಅದನ್ಯಾಕೆ ಈಗ…" ಎನ್ನುವಷ್ಟರಲ್ಲಿ ಪೂರ್ತಿ ಕಥೆ ಹೊರಗೆ ಬಿದ್ದಾಗಿತ್ತು. ಹಾಸಿಗೆ ಮಾಮ ಮೆಟ್ಟಿಲಿಂದ ಉರುಳಿಬೀಳುವಷ್ಟು ನಕ್ಕರು. ಬೇಲಿ ಸರಿಪಡಿಸುತ್ತಿದ್ದ ಇಂಜಿನ್ ಅಕ್ಕ ಅಲ್ಲಿಂದಲೇ, "ಏನೇ ಹೇಳಿ, ಅದು ತುಕ್ಕೇ!" ಎಂದು ಕೂಗಿದಳು. ಅವಳ ಅಭಿಪ್ರಾಯ ಬದಲಾಗಿರಲಿಲ್ಲ.

ಆ ಸಂಜೆಯೇ ಎಲ್ಲ ತೀರ್ಮಾನವಾಯಿತು. ಟೈಲ್ಸಿನ ಕೋಣೆ, ಹಾಸಿಗೆ, ಕನ್ನಡಿ ಇವೆಲ್ಲ ಲಾಂಚುವಿನದು. ಕಪಾಟು ಮಾತ್ರ ಅದಕ್ಕೆ ಬೇಕಾಗಿಲ್ಲದ ಕಾರಣ ಹೊಸ ಕೊಟ್ಟಿಗೆಗೆ ಸಾಗಿಸುವುದು. ಇನ್ನು ಮೇಲೆ ಕೊಟ್ಟಿಗೆಯೇ ಅತಿಥಿ ಕೋಣೆ, ಹಾಸಿಗೆ ಮಾಮನೇ ಮೊದಲ ಅತಿಥಿ. ಒಂದು ದಿನಕ್ಕೆಂದು ಬಂದವರು ಅಂಗಡಿಗೆ ಫೋನು ಮಾಡಿ, "ಹಾಸಿಗೆ ಪರೀಕ್ಷೆ ಇನ್ನೂ ನಡೀತಿದೆ, ಮುಗಿಯೋಕೆ ಟೈಮ್ ಬೇಕು," ಎಂದು ಹೇಳಿ ವಾರವಿಡೀ ಉಳಿದರು. ಹಗಲು ಡಾಕ್ಟರ ಜೊತೆ ಕುಂಬಳದ ಪಾತಿಗೆ ನೀರು ಹಾಯಿಸಿದರು. ಕಳೆಯೆಂದುಕೊಂಡು ಕುಂಬಳದ ಬಳ್ಳಿಯನ್ನೇ ಕಿತ್ತರು. ಕುಂಬಳವೆಂದುಕೊಂಡು ಕಳೆಗೆ ಗೊಬ್ಬರ ಹಾಕಿದರು. ಡಾಕ್ಟರಿಗೆ ಎರಡರ ನಡುವಿನ ವ್ಯತ್ಯಾಸ ತಿಳಿಯದ್ದರಿಂದ ಜಗಳವಾಗಲಿಲ್ಲ.

ಹೊರಡುವ ದಿನ ವ್ಯಾನು ಬಂದು ನಿಂತಿತು. ಚೀಲ ಏರಿಸಿದ ಮೇಲೂ ಹಾಸಿಗೆ ಮಾಮ ಹತ್ತದೆ ಕಾಲೆಳೆಯುತ್ತ ನಿಂತಿದ್ದರು.

"ಡಾಕ್ಟ್ರೇ, ಆ ಹುಲ್ಲು ಒಂದು ಮೂಟೆ ಸಿಗತ್ತಾ?" ಎಂದರು ಕೊನೆಗೆ, ಡ್ರೈವರಿಗೆ ಕೇಳಿಸದಂತೆ ಪಿಸುಗುಟ್ಟುತ್ತ. "ಮನೇಲಿ ಕೇಳಿದ್ರೆ… ಪ್ಯಾಕಿಂಗಿಗೆ ಅಂತೀನಿ."

ಡಾಕ್ಟರು ಎರಡು ಮೂಟೆ ಕಟ್ಟಿಕೊಟ್ಟರು. ವ್ಯಾನು ಮರಳು ದಾರಿಯಲ್ಲಿ ಕುಲುಕಾಡುತ್ತ ಹೋಯಿತು. ತಿರುವು ಕಳೆಯುವವರೆಗೆ ಮೈಕಮ್ಮ ಕೈಬೀಸುತ್ತಲೇ ಇದ್ದರು. ಡಾಕ್ಟರು ಮಾತ್ರ ಆಗಲೇ ಅಳತೆಯ ಟೇಪು ಹಿಡಿದು ಹೊಸ ಕೊಟ್ಟಿಗೆಯೊಳಗೆ ಹೊಕ್ಕಿದ್ದರು.

"ಏನ್ರೀ ಮಾಡ್ತಿದೀರಾ ಅಲ್ಲಿ?"

"ತಲೆ ಕಡೆಗೆ ಒಂದು ಕಿಟಕಿ ಇಡಿಸೋಣ ಕಣೇ," ಎಂದು ಒಳಗಿಂದ ದನಿ ಬಂತು. "ಮುಂದಿನ ತಿಂಗಳು ಅತ್ತಿಗೇನೂ ಕರ್ಕೊಂಡು ಬರ್ತಾರಂತೆ ಭಾವ. ಹುಲ್ಲೂ ಇನ್ನೊಂದಿಷ್ಟು ಬೇಕಾಗತ್ತೆ. ಇಲ್ಲಿ ಬಾ, ಈ ತುದಿ ಹಿಡ್ಕೋ."

ಮೈಕಮ್ಮ ಹೋಗಿ ಟೇಪಿನ ತುದಿ ಹಿಡಿದುಕೊಂಡರು.